ಇಪ್ಪತ್ತನೇ ಹೆರಿಗೆ

ಡೇಪಾ ಎಣ್ಣೆ ಒಮ್ಮೆ ಕೈಗೆ ಹತ್ತಿದರೆ ಸೋಪು ಹಾಕಿ ಎರಡು ಸಲ ತೊಳೆದರೂ ಅದರ ವಾಸನೆ ಹೋಗುವುದಿಲ್ಲ. ಕಾಡಿಗೆ ಹೋಗುವವರು ಉಣುಗು ಕಚ್ಚದಿರಲಿ ಎಂದು ಕೈಕಾಲಿಗೆ ಸವರಿಕೊಳ್ಳುವ ಎಣ್ಣೆ ಅದು. ಮೊನ್ನೆ ಎನ್.ಆರ್.ಪುರದ ಕಡೆಯ ಒಂದು ಹಳ್ಳಿಯಲ್ಲಿ ಮನೆಮನೆಗೆ ಹೋಗಿ ಅದರ ಬಾಟಲಿ ಹಂಚುತ್ತಿದ್ದೆ. ನಾನೀಗ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಸ್ಟಾಫ್ ನರ್ಸ್. ಒಂದು ಬಾಟಲಿಯ ಮುಚ್ಚಳ ಸಡಿಲವಾಗಿದ್ದು ಅಂಗೈಗೆಲ್ಲ ಸೋರಿತು. ಮಧ್ಯಾಹ್ನ ಡಬ್ಬಿ ಬಿಚ್ಚಿ ತುತ್ತು ಬಾಯಿಯ ಹತ್ತಿರ ತಂದರೆ ಅದೇ ವಾಸನೆ. ಊಟ ಅಲ್ಲಿಗೇ ನಿಂತಿತು. ಕೊಪ್ಪದ ಆ ಬೇಸಿಗೆ ನೆನಪಾಯಿತು, ಚೈತ್ರಾ ನೆನಪಾದಳು.

ಚೈತ್ರಾ ನೆನಪಾದರೆ ನನಗೆ ಈಗಲೂ ಹೊಟ್ಟೆಯೊಳಗೆ ಚುರ್ ಅನ್ನುತ್ತದೆ. ಇದನ್ನು ಗೆಳತಿಯ ಅಗಲಿಕೆಯ ನೋವು ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಅದು ಹೊಟ್ಟೆಕಿಚ್ಚು. ವರ್ಷ ಕಳೆದ ಹಾಗೆ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಅದು ನಮ್ಮ ನರ್ಸಿಂಗ್ ಕೋರ್ಸಿನ ಕೊನೆಯ ಘಟ್ಟ. ಪಾಠಗಳೆಲ್ಲ ಮುಗಿದು, ಪೂರ್ತಿ ಆಸ್ಪತ್ರೆಯಲ್ಲೇ ಇದ್ದು ಕೈ ಪಳಗಿಸಿಕೊಳ್ಳಬೇಕಾದ ತಿಂಗಳುಗಳು. ಇಬ್ಬಿಬ್ಬರನ್ನು ಒಂದೊಂದು ಊರಿಗೆ ಹಾಕಿದರು. ಕೊಪ್ಪದ ಒಂದು ಆಸ್ಪತ್ರೆಗೆ ಬಿದ್ದವರು ನಾನು ಮತ್ತು ಚೈತ್ರಾ. ನಾನು ಹರಿಹರಪುರದವಳು, ಅಪ್ಪ ಅಲ್ಲಿ ಟೈಲರ್. ಅವಳು ಎನ್.ಆರ್.ಪುರದ ಆಚೆಯವಳು, ಮನೆಯಲ್ಲಿ ಗದ್ದೆ, ಎಮ್ಮೆ. ಅಷ್ಟು ವರ್ಷ ಒಂದೇ ಕ್ಲಾಸಿನಲ್ಲಿದ್ದರೂ ಅವಳನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಪರೀಕ್ಷೆಯಲ್ಲಿ ಯಾವಾಗಲೂ ಕ್ಲಾಸಿಗೇ ಮೊದಲು ಬರುತ್ತಿದ್ದವಳು ನಾನು. ಅವಳು ಒಂದು ಪೇಪರಿನಲ್ಲಿ ಫೇಲಾಗಿ, ನನ್ನ ನೋಟ್ಸು ಜೆರಾಕ್ಸ್ ಮಾಡಿಸಿಕೊಂಡು ಓದಿ ಹೇಗೋ ದಾಟಿದವಳು. ಕೊಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಸೀಟು ನನಗೇ ಬಿಟ್ಟುಕೊಟ್ಟು, "ನೀನಿದ್ದೀಯಲ್ಲ ಸ್ವಾತಿ, ನಂಗೆ ಹೆದರಿಕೆ ಇಲ್ಲ ಮಾರಾಯ್ತಿ. ಗೊತ್ತಿಲ್ಲದ್ದು ಹೇಳ್ಕೊಡು" ಅಂದಳು. ಹೇಳಿಕೊಡಲು ನಾನೂ ತಯಾರಾಗಿಯೇ ಇದ್ದೆ.

ಆ ಭಾಗ್ಯ ಇದ್ದದ್ದು ಮೂರೇ ದಿನ.

ಫೆಬ್ರವರಿ ಮುಗಿಯುವ ಹೊತ್ತು. ಕೊಟ್ಟಿಗೆಗೆ ಹಾಸುವ ಒಣ ಎಲೆಯ ದರಗು ಗುಡಿಸಲು ಹೋದವರು, ಸೌದೆಗೆ ಹೋದವರು ಕಾಡಿನಿಂದ ಜ್ವರ ಹೊತ್ತುಕೊಂಡು ಬರುವ ಕಾಲ. ಕೆಲವರದು ಮಾಮೂಲಿ ಜ್ವರ, ಕೆಲವರದು ಉಣುಗಿನಿಂದ ಬರುವ ಮಂಗನ ಕಾಯಿಲೆ. ಕಣ್ಣು ಕೆಂಪು, ತಲೆ ಸಿಡಿತ, ಗುಟುಕು ನೀರೂ ನಿಲ್ಲದ ಹೊಟ್ಟೆ. ಹೆದರಿಕೆಗೆ ಜ್ವರ ಬಂದ ಮೇಲೂ ಮೈತುಂಬ ಡೇಪಾ ಎಣ್ಣೆ ಸವರಿಕೊಂಡೇ ಬರುತ್ತಿದ್ದರು, ವಾರ್ಡಿನ ಗೋಡೆಗೂ ಆ ವಾಸನೆ ಹತ್ತಿತ್ತು. ಡ್ರಿಪ್ ಹಾಕಬೇಕಾದರೆ ನರ ಸಿಗಬೇಕು. ನೀರು ಬತ್ತಿದ ಮೈಯಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ.

ನಾಲ್ಕನೆಯ ದಿನ ಮೆಣಸೆಯ ಒಬ್ಬ ಅಜ್ಜ ಬಂದರು. ಪುಸ್ತಕದಲ್ಲಿದ್ದ ಹಾಗೇ ತೋಳಿಗೆ ಪಟ್ಟಿ ಬಿಗಿದೆ, ಸ್ಪಿರಿಟ್ ಒರೆಸಿದೆ, ಸೂಜಿಯನ್ನು ಎಷ್ಟು ಓರೆಯಾಗಿ ಹಿಡಿಯಬೇಕೋ ಅಷ್ಟೇ ಓರೆಯಾಗಿ ಹಿಡಿದು ಚುಚ್ಚಿದೆ. ಸಿಗಲಿಲ್ಲ. ಇನ್ನೊಂದು ಕೈಗೆ ಚುಚ್ಚಿದೆ. ಅಲ್ಲೂ ಇಲ್ಲ, ಚರ್ಮದ ಕೆಳಗೆ ನೀಲಿ ಗುಳ್ಳೆ ಎದ್ದಿತು. ಅಜ್ಜ ಮುಖ ಗೋಡೆಗೆ ತಿರುಗಿಸಿದರು. ಅಷ್ಟರಲ್ಲಿ ಚೈತ್ರಾ ಬಂದಳು. ರೋಗಿಯ ಮಂಚದ ಮೇಲೆ ಕೂರಬಾರದು ಎಂದು ಮೊದಲ ವರ್ಷವೇ ಹೇಳಿಕೊಟ್ಟಿದ್ದಾರೆ. ಅವಳು ಸೀದಾ ಮಂಚದ ಮೇಲೇ ಕೂತಳು. ಅಜ್ಜನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಒಂದೇ ಬೆರಳಿನಲ್ಲಿ ಮೆಲ್ಲಗೆ ಒತ್ತುತ್ತಾ ಹೋದಳು.

"ಅಜ್ಜಾ, ಮನೇಲಿ ಎಮ್ಮೆ ಎಷ್ಟಿದಾವೆ?"

"ಎರಡು."

"ಎರಡೂ ಹಾಲು ಕೊಡ್ತಾವ?"

"ಒಂದು ಕೊಡ್ತದೆ. ಇನ್ನೊಂದು ಬರೀ ಒದೀತದೆ." ಅಜ್ಜ ಹೇಳಿ ತಾವೇ ನಕ್ಕರು. ನಗು ಮುಗಿಯುವಷ್ಟರಲ್ಲಿ ಸೂಜಿ ಒಳಗೆ, ಡ್ರಿಪ್ ಹನಿಯತೊಡಗಿತ್ತು.

"ಆಗೇ ಹೋಯ್ತನ!" ಅಂದರು ಅಜ್ಜ. ಪಕ್ಕದ ಮಂಚದವರ ಕಡೆ ತಿರುಗಿ, "ಈ ಕೂಸಿನ ಕೈಗುಣ ನೋಡಿ ಮಾರಾಯ್ರೆ" ಎಂದು ಸಾರಿದರು.

ಕೈಗುಣ! ಈ ಶಬ್ದ ಆ ಬೇಸಿಗೆಯಲ್ಲಿ ನನ್ನನ್ನು ಎಷ್ಟು ಹಿಂಸಿಸಿತು ಎಂದರೆ ಈಗಲೂ ಯಾರಾದರೂ ಅಂದರೆ ತಿರುಗಿ ನೋಡುತ್ತೇನೆ. ಓದಿ ಪಡೆಯುವಂಥದ್ದಾಗಿದ್ದರೆ ನಾನು ಓದುತ್ತಿದ್ದೆ. ಅದಕ್ಕೆ ಪರೀಕ್ಷೆ ಇಲ್ಲ, ಅಂಕ ಇಲ್ಲ, ರಿವ್ಯಾಲ್ಯುಯೇಶನ್ ಇಲ್ಲ. ಒಬ್ಬರ ಕೈಯಲ್ಲಿ ಇದೆ ಎಂದು ಜನ ಒಂದು ಸಲ ಹೇಳಿದರೆ ಮುಗಿಯಿತು, ಇನ್ನೊಬ್ಬರ ಕೈಯಲ್ಲಿ ಇಲ್ಲ ಎಂದೂ ಅದರಲ್ಲೇ ಹೇಳಿದ ಹಾಗೆ. ವಾರ ಕಳೆಯುವುದರೊಳಗೆ ನಾನು ಟ್ರೇ ಹಿಡಿದು ಹತ್ತಿರ ಹೋದರೆ ರೋಗಿಗಳು ಕೈಯನ್ನು ಕಂಬಳಿಯೊಳಗೆ ಎಳೆದುಕೊಳ್ಳುವುದು ಶುರುವಾಯಿತು. "ಇನ್ನೊಂದು ಕೂಸು ಇದೆಯಲ್ಲ, ಅದು ಬರ್ಲಿ. ನಮಗೆ ಅರ್ಜೆಂಟಿಲ್ಲ" ಅನ್ನುತ್ತಿದ್ದರು, ಬಹಳ ಮರ್ಯಾದೆಯಿಂದ.

ಗುಟ್ಟು ಕದಿಯುವ ಪ್ರಯತ್ನವನ್ನೂ ಮಾಡಿದೆ. ಶೃಂಗೇರಿಯಿಂದ ಬಂದಿದ್ದ ಒಬ್ಬರ ಪಕ್ಕ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಮಂಚದ ತುದಿಯಲ್ಲಿ ಕೂತೆ. ಕೈ ಹಿಡಿದುಕೊಂಡೆ. ಕಣ್ಣು ಮುಚ್ಚಿದೆ. "ಮನೇಲಿ ಎಮ್ಮೆ ಎಷ್ಟಿದಾವೆ?" ಎಂದು ಕೇಳಿದೆ.

"ನಾನು ರಿಟೈರ್ಡ್ ಹೆಡ್‌ಮಾಸ್ಟರ್ ಕಣಮ್ಮ" ಅಂದರು ಅವರು. "ನನ್ನ ಹತ್ರ ಎಂತಕ್ಕೆ ಎಮ್ಮೆ ಕೇಳ್ತಿದ್ದೀಯ? ಕಣ್ಣು ಬಿಟ್ಟು ಚುಚ್ಚು ಮೊದಲು."

ಒಂದು ಭಾನುವಾರ ಮಧ್ಯಾಹ್ನ ಹಾಸ್ಟೆಲ್ಲಿನಲ್ಲಿ ಅವಳು ಮಲಗಿದ್ದಾಗ ಅವಳ ಕೈಯನ್ನೇ ನೋಡುತ್ತಾ ಕೂತಿದ್ದೆ. ಮೋಟು ಬೆರಳು, ಕಚ್ಚಿ ತುಂಡಾದ ಉಗುರು, ಮಣಿಕಟ್ಟಿನ ಹತ್ತಿರ ಒಲೆ ತಾಗಿದ ಕಲೆ. ನನ್ನ ಬೆರಳುಗಳೇ ಚೆಂದ ಇದ್ದವು. ಏನಿದೆ ಇದರಲ್ಲಿ ಎಂದು ಮೈ ಪರಚಿಕೊಳ್ಳುವ ಹಾಗಾಯಿತು. ಮಾರನೆಯ ದಿನ ಗಿರಿಜಾ ಸಿಸ್ಟರ್ ಹತ್ತಿರ ಹೋಗಿ ಚಾಡಿ ಹೇಳಿದೆ. ಗಿರಿಜಾ ಸಿಸ್ಟರ್ ಹೆರಿಗೆ ಕೋಣೆಯ ಮುಖ್ಯಸ್ಥೆ, ನಮ್ಮಿಬ್ಬರ ಮೇಲ್ವಿಚಾರಣೆಯೂ ಅವರದೇ. "ಚೈತ್ರಾ ಪೇಶೆಂಟ್ ಬೆಡ್ ಮೇಲೆ ಕೂರ್ತಾಳೆ ಸಿಸ್ಟರ್" ಅಂದೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ಕೂರಬಾರದು, ಹೇಳ್ತೀನಿ. ನರ ಸಿಗ್ತನ ಅವಳಿಗೆ?" ಎಂದು ಕೇಳಿದರು. ಸಿಕ್ಕಿತು ಎಂದು ನಾನೇ ಹೇಳಬೇಕಾಯಿತು.

ಆದರೂ ಇದೆಲ್ಲ ಹೊಟ್ಟೆ ಉರಿದು ತಣ್ಣಗಾಗುವ ಸಂಗತಿಗಳೇ. ನಿಜವಾದ ಪೈಪೋಟಿ ಇದ್ದದ್ದು ಹೆರಿಗೆ ಕೋಣೆಯಲ್ಲಿ. ಒಬ್ಬೊಬ್ಬ ವಿದ್ಯಾರ್ಥಿನಿ ತನ್ನ ಕೈಯಾರೆ ಇಪ್ಪತ್ತು ಹೆರಿಗೆ ಮಾಡಿಸಿರಬೇಕು. ಪ್ರತಿಯೊಂದನ್ನೂ ಕೇಸ್ ಬುಕ್ಕಿನಲ್ಲಿ ಬರೆದು ಸಿಸ್ಟರ್ ಸಹಿ ಹಾಕಿಸಿಕೊಳ್ಳಬೇಕು. ಇಪ್ಪತ್ತಾಗದೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ, ಪರೀಕ್ಷೆ ಇಲ್ಲದೆ ನೋಂದಣಿ ಇಲ್ಲ, ನೋಂದಣಿ ಇಲ್ಲದವಳು ನರ್ಸೇ ಅಲ್ಲ. ಬೇರೆ ಕಡೆ ಒಂದೆರಡು ಕೇಸು ಸುಮ್ಮನೆ ಬರೆದುಕೊಳ್ಳುವವರು ಇದ್ದರಂತೆ. ನಮ್ಮ ಟ್ಯೂಟರ್ ಮೇಡಂ ಹಾಗಲ್ಲ. ಹೆರಿಗೆ ಕೋಣೆಯ ರಿಜಿಸ್ಟರ್ ಪಕ್ಕಕ್ಕಿಟ್ಟುಕೊಂಡು ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ತಾಳೆ ನೋಡುವವರು.

ಹೆರಿಗೆಗಳಾದರೂ ಎಲ್ಲಿ ಬರಬೇಕು? ಕಾರು ಇದ್ದವರು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಿಬಿಡುತ್ತಿದ್ದರು. ಬಂದವರಲ್ಲೂ ಕೆಲವರಿಗೆ ಆಪರೇಶನ್ ಆಗುತ್ತಿತ್ತು, ಅದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡಿದ್ದೆವು. ಒಂದು ಅವಳಿಗೆ, ಒಂದು ನನಗೆ. ಸರದಿಯವಳು ಡ್ಯೂಟಿಯಲ್ಲಿ ಇಲ್ಲದಿದ್ದರೆ ಇನ್ನೊಬ್ಬಳು ಕರೆಯಬೇಕು. ಹಾಸ್ಟೆಲ್ ಇದ್ದದ್ದು ಆಸ್ಪತ್ರೆಯ ಹಿಂಬದಿಯಲ್ಲೇ, ಕಿಟಕಿಯಿಂದ ಕೂಗಿದರೆ ಕೇಳುವಷ್ಟು ದೂರ. ಹೆರಿಗೆಗೆ ಬಂದವರೂ ನಿಧಾನಕ್ಕೆ ಚೈತ್ರಾಳನ್ನೇ ಕೇಳತೊಡಗಿದ್ದರು. ಅವಳು ಪಕ್ಕದಲ್ಲಿ ನಿಂತರೆ ಹೆರಿಗೆ ಸಲೀಸಂತೆ. ನಾನು ಸರದಿ ಬಿಡಲಿಲ್ಲ. ಹಿಂದಿನ ಪೋಸ್ಟಿಂಗಿನಲ್ಲಿ ಮಾಡಿದ್ದೂ ಸೇರಿ ಏಪ್ರಿಲ್ ನಡುವಿಗೆ ಇಬ್ಬರದೂ ಹತ್ತೊಂಬತ್ತಾಗಿತ್ತು, ಮುಂದಿನದು ಅವಳದು.

ಆ ದಿನ ಚೈತ್ರಾಳಿಗೆ ರಜೆ, ಹಾಸ್ಟೆಲ್ಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಹನ್ನೊಂದೂವರೆಗೆ ಒಂದು ಓಮ್ನಿ ಬಂದು ನಿಂತಿತು. ಮೊದಲು ಇಳಿದವರು ಭಾಗೀರಥಮ್ಮ, ಶೃಂಗೇರಿಯ ಆಚೆ ಬೇಗಾರಿನವರು. ಹಿಂದೆ ಅವರ ಸೊಸೆ, ಎರಡನೇ ಹೆರಿಗೆ. ನೋವು ಶುರುವಾಗಿದ್ದರೂ ಇನ್ನೂ ಸಾಕಷ್ಟು ಸಮಯ ಇತ್ತು.

"ಇಷ್ಟು ದೂರ ಬಂದ್ರಲ್ಲ, ಶೃಂಗೇರಿಯಲ್ಲೇ ತೋರಿಸಬಹುದಿತ್ತು" ಅಂದೆ.

"ನಮ್ಮ ಪಕ್ಕದ ಮನೆಯವಳಿಗೆ ಇಲ್ಲೇ ಆದದ್ದು ಕೂಸೇ. ಚೈತ್ರಾ ಅಂತ ಒಬ್ಬಳು ಇದ್ದಾಳಂತೆ, ಎನ್.ಆರ್.ಪುರದವಳು. ಎಂತ ಕೈಗುಣ ಅಂತೀಯ, ಅವಳು ಮುಟ್ಟಿದ್ರೆ ಸಾಕಂತೆ." ಹೇಳುತ್ತಲೇ ಅವರು ನನ್ನ ಮುಖವನ್ನು ಸರಿಯಾಗಿ ನೋಡಿ, "ನೀನೇ ಅಲ್ಲನ?" ಅಂದರು.

ನಾನು ಏಪ್ರನ್ ಹಾಕಿಕೊಂಡಿದ್ದೆ, ಹೆಸರಿನ ಬ್ಯಾಡ್ಜ್ ಅದರ ಕೆಳಗಿತ್ತು. ಹರಿಹರಪುರವನ್ನು ದಾಟಿಕೊಂಡೇ ಬಂದಿದ್ದರು ಇವರು, ನನ್ನ ಅಪ್ಪನ ಅಂಗಡಿಯ ಎದುರಿನಿಂದಲೇ. ಅವಳ ಹೆಸರು ಹುಡುಕಿಕೊಂಡು.

"ಹ್ಞೂಂ" ಅಂದೆ.

ಒಂದು ಹ್ಞೂಂ, ಅಷ್ಟೇ. ಹೇಳಬೇಕೆಂದು ಮೊದಲೇ ಯೋಚಿಸಿಟ್ಟದ್ದಲ್ಲ. ಆದರೆ ಹೇಳಿದ ಮೇಲೆ ತಿದ್ದಿಕೊಳ್ಳಲು ಮೂರೂವರೆ ಗಂಟೆ ಸಮಯವಿತ್ತು, ತಿದ್ದಿಕೊಳ್ಳಲಿಲ್ಲ. ಗಿರಿಜಾ ಸಿಸ್ಟರ್ ಬಂದು, "ಇವತ್ತು ಯಾರ ಸರದಿ?" ಎಂದು ಕೇಳಿದರು. "ನಂದೇ ಸಿಸ್ಟರ್" ಅಂದೆ. ಕಿಟಕಿಯಿಂದ ನೋಡಿದರೆ ಹಾಸ್ಟೆಲ್ಲಿನ ಹಿಂದಿನ ತಂತಿಯ ಮೇಲೆ ಅವಳ ನೀಲಿ ಚೂಡಿದಾರ ಒಣಗುತ್ತಿತ್ತು. ನಾನು ಕಿಟಕಿಗೆ ಬೆನ್ನು ಹಾಕಿ ನಿಂತೆ.

ಮೂರು ಗಂಟೆಗೆ ಹೆರಿಗೆಯಾಯಿತು. ಇದನ್ನು ಹೇಳಲೇಬೇಕು, ನಾನು ಅವತ್ತು ಮಾಡಿದಷ್ಟು ಚೆನ್ನಾಗಿ ಆವರೆಗೆ ಯಾವತ್ತೂ ಮಾಡಿರಲಿಲ್ಲ. ಗಾಬರಿಯಾಗಲಿಲ್ಲ, ಅವಸರ ಮಾಡಲಿಲ್ಲ. "ಈಗ ಬೇಡ, ಉಸಿರು ತಗೊಳ್ಳಿ... ಈಗ, ಈಗ ಮುಕ್ಕಿ" ಎಂದು ಹೇಳುತ್ತಿದ್ದ ಧ್ವನಿ ನನ್ನದೇ ಎಂದು ನನಗೇ ನಂಬಿಕೆಯಾಗುತ್ತಿರಲಿಲ್ಲ. ತಲೆ ಬಂತು, ಭುಜ ತಿರುಗಿತು, ಹೆಣ್ಣು ಮಗು ಬಿಸಿಬಿಸಿಯಾಗಿ ನನ್ನ ಎರಡು ಕೈಯೊಳಗೆ ಜಾರಿ, ಕಾಯಿಸದೆ ಅತ್ತಿತು. ಒಂದು ಹೊಲಿಗೆಯೂ ಬೇಕಾಗಲಿಲ್ಲ. ಗಿರಿಜಾ ಸಿಸ್ಟರ್ ಹೊಗಳುವವರಲ್ಲ, ಅವರೂ "ಚೆನ್ನಾಗಿ ಮಾಡಿದೆ" ಅಂದು ರಿಜಿಸ್ಟರ್ ಬರೆಯಲು ಮೇಜಿನ ಕಡೆ ಹೋದರು.

ಹೊರಗೆ ಭಾಗೀರಥಮ್ಮ ಸಕ್ಕರೆಯ ಪೊಟ್ಟಣ ಬಿಚ್ಚಿ ನನ್ನ ಬಾಯಿಗೆ ಹಾಕಿದರು. "ಸುಮ್ಮನೆ ಅಲ್ಲ ಜನ ಹೇಳೋದು. ಚೈತ್ರಾ, ನಿನ್ನ ಕೈಗುಣ ದೊಡ್ಡದು ಕೂಸೇ" ಅಂದರು. ಇಡೀ ಬೇಸಿಗೆ ನಾನು ಆಸೆಪಟ್ಟ ಮಾತು ಕೊನೆಗೂ ನನ್ನ ಮುಖ ನೋಡಿ ಒಬ್ಬರು ಆಡಿದರು, ಅವಳ ಹೆಸರು ಸೇರಿಸಿ. ಬಾಯಲ್ಲಿ ಸಕ್ಕರೆ ಇಟ್ಟುಕೊಂಡು ನಕ್ಕೆ.

ಚೈತ್ರಾಳಿಗೆ ಸಂಜೆ ಹೇಳಿದೆ. "ಬಂದ ಕೂಡ್ಲೇ ಆಗೋಯ್ತು, ಕರೆಯೋಕೂ ಟೈಮ್ ಸಿಗ್ಲಿಲ್ಲ."

"ಪರ್ವಾಗಿಲ್ಲ ಮಾರಾಯ್ತಿ. ನಿಂದು ಇಪ್ಪತ್ತಾಯ್ತಲ್ಲ, ಒಬ್ಬಳದಾದ್ರೂ ಮುಗೀತು" ಅಂದು ಮಡಚುತ್ತಿದ್ದ ಬಟ್ಟೆಯನ್ನು ಮತ್ತೆ ಮಡಚತೊಡಗಿದಳು. ಅವಳು ಸಿಟ್ಟು ಮಾಡಿಕೊಂಡಿದ್ದರೆ ನನಗೆ ಎಷ್ಟೋ ಸುಖವಿತ್ತು. ಒಳ್ಳೆಯವಳಾಗಿರುವುದರಲ್ಲೂ ಇವಳೇ ಮುಂದೆ ಎಂದು ಅದಕ್ಕೂ ಉರಿಯಿತು.

ತಾಯಿ ಮಗು ಆಸ್ಪತ್ರೆಯಲ್ಲಿದ್ದ ಮೂರು ದಿನ ನಾನು ಬಾಣಂತಿ ವಾರ್ಡನ್ನು ಬಿಟ್ಟು ಅಲ್ಲಾಡಲಿಲ್ಲ. ನನ್ನ ಜ್ವರದ ವಾರ್ಡನ್ನು ಚೈತ್ರಾಳಿಗೆ ಕೊಟ್ಟು ಅವಳ ಡ್ಯೂಟಿಯನ್ನು ನಾನು ತೆಗೆದುಕೊಂಡೆ. ಮನೆಗೆ ಹೊರಡುವಾಗ ಭಾಗೀರಥಮ್ಮ, "ಮಗೂಗೆ ಚೈತ್ರಾ ಅಂತಲೇ ಇಡೋದು ಅಂತ ಮಾಡಿದ್ದೇವೆ. ನಿನ್ನ ಹೆಸರು ಮನೇಲಿ ಇರಲಿ" ಅಂದರು. ಅವರು ಊರಿಗೆ ಹೋಗಿ ಸುಮ್ಮನಿರಲಿಲ್ಲ. ಬೇಗಾರು, ಮೆಣಸೆ ಕಡೆಯಿಂದ ಜ್ವರ ಅಂತ ಬಂದವರೆಲ್ಲ ಒಳಗೆ ಕಾಲಿಡುವಾಗಲೇ ಚೈತ್ರಾ ಯಾರು ಎಂದು ಕೇಳುವ ಹಾಗಾಯಿತು. ನನ್ನ ಜೀವಮಾನದ ಒಳ್ಳೆಯ ಕೆಲಸ ಅವಳ ಕೀರ್ತಿಗೆ ಸೇರಿಹೋಗಿತ್ತು, ಅದನ್ನು ಸೇರಿಸಿದವಳು ನಾನೇ. ಬೇರೆಯವರ ಮೇಲೆ ಹೊಟ್ಟೆಕಿಚ್ಚು ಪಟ್ಟು ಗೊತ್ತಿದ್ದ ನನಗೆ ನನ್ನ ಕೈಯ ಮೇಲೆಯೇ ಪಡುವುದು ಹೊಸದು.

ಆಮೇಲೆ ಹೆರಿಗೆಗಳು ನಿಂತೇಹೋದವು. ಬಂದ ಇಬ್ಬರಿಗೂ ಆಪರೇಶನ್ ಆಯಿತು. ಮೇ ಎರಡನೇ ವಾರದ ಶನಿವಾರ ಟ್ಯೂಟರ್ ಮೇಡಂ ಬಂದು ಕೇಸ್ ಬುಕ್ ಒಯ್ಯುವವರಿದ್ದರು. ಆ ವಾರ ಚೈತ್ರಾ ಊಟಕ್ಕೆ ಬಿಟ್ಟರೆ ಹೆರಿಗೆ ಕೋಣೆಯ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ಬುಧವಾರ ನಾನು ಪಕ್ಕದಲ್ಲಿ ಕೂತೆ.

"ಸಿಗದಿದ್ರೆ ಆರು ತಿಂಗಳು ಬಿಟ್ಟು ಬರೆಯಬಹುದಲ್ಲ" ಅಂದೆ.

"ಎಲ್ಲಿ ಬಿಡ್ತಾರೆ ಮಾರಾಯ್ತಿ? ಮನೇಲಿ ಗಂಡು ನೋಡಿ ಇಟ್ಟಿದ್ದಾರೆ. ಪರೀಕ್ಷೆ ಅಂತ ಹೇಳಿ ನಿಲ್ಲಿಸಿದ್ದು ನಾನು. ಬರೀ ಕೈಯಲ್ಲಿ ಹೋದ್ರೆ ಜೂನಲ್ಲಿ ಮದುವೆ, ಮುಗೀತು. ಆಮೇಲೆ ಎಂತ ನರ್ಸು, ಎಂತ ರಿಜಿಸ್ಟ್ರೇಶನ್." ಅವಳ ಕಣ್ಣು ತುಂಬಿತ್ತು. ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿತ್ತು.

ನನಗೆ ಪಾಪ ಅನ್ನಿಸಿತು. ಅದರ ಜೊತೆಯಲ್ಲೇ, ಒಳಗೆಲ್ಲೋ, ಸಣ್ಣಗೆ ಖುಷಿಯೂ ಆಯಿತು. ಕೈಗುಣ ಇಟ್ಟುಕೊಂಡು ಏನು ಮಾಡುತ್ತಾಳೆ ಈಗ, ಎಂದು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಅದೇ ಓಮ್ನಿ ಬಂತು. ಈ ಸಲ ಭಾಗೀರಥಮ್ಮನ ಹಿಂದೆ ಅವರ ಮಗಳು, ಚೊಚ್ಚಲು, ತವರಿಗೆ ಬಂದವಳು. ನೋವು ಚೆನ್ನಾಗಿಯೇ ಹತ್ತಿತ್ತು. ಚೈತ್ರಾ ಬೆಂಚಿನಿಂದ ನೆಗೆದೆದ್ದು, ಗಾಲಿಕುರ್ಚಿ ತಳ್ಳಿಕೊಂಡು ಬಂದು, ಮಂಚಕ್ಕೆ ಹತ್ತಿಸಿ, ಗ್ಲೌಸಿನ ಪ್ಯಾಕೆಟ್ ಕೈಗೆ ತೆಗೆದುಕೊಂಡಳು. ನಾನು ಟ್ರೇ ಹಿಡಿದು ಒಳಗೆ ಬಂದದ್ದೇ ತಪ್ಪಾಯಿತು.

"ಚೈತ್ರಾ! ಇದ್ದೀಯಾ ಕೂಸೇ!" ಭಾಗೀರಥಮ್ಮ ಬಂದು ಟ್ರೇ ಸಮೇತ ನನ್ನ ಎರಡೂ ಕೈ ಹಿಡಿದುಕೊಂಡರು. "ದಾರಿಯುದ್ದಕ್ಕೂ ಬೇಡ್ಕೊಂಡು ಬಂದೆ, ನೀನಿರ್ಲಿ ಅಂತ. ಇನ್ನು ನಂಗೆ ಹೆದರಿಕೆ ಇಲ್ಲ."

"ಅಜ್ಜಿ, ಚೈತ್ರಾ ನಾನು" ಅಂದಳು ಚೈತ್ರಾ, ನಗುತ್ತಾ.

"ತಮಾಷೆ ಮಾಡ್ಬೇಡ. ನನ್ನ ಮೊಮ್ಮಗಳನ್ನ ಎತ್ತಿದವಳ ಮುಖ ನಂಗೆ ಗೊತ್ತಿಲ್ವ?"

ಚೈತ್ರಾ ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ನಗು ಇನ್ನೂ ಇತ್ತು, ನಿಧಾನಕ್ಕೆ ಹೋಯಿತು. ಗಿರಿಜಾ ಸಿಸ್ಟರ್, "ಎಂತದು ಇದು?" ಅಂದರು. ಮಂಚದ ಮೇಲಿನ ಹುಡುಗಿ ಹಲ್ಲು ಕಚ್ಚಿ ನರಳುತ್ತಿದ್ದಳು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

"ನಾನು ಚೈತ್ರಾ ಅಲ್ಲ, ಸ್ವಾತಿ" ಅಂದೆ. "ಅವತ್ತು ನೀವು ಕೇಳಿದಾಗ ಸುಳ್ಳು ಹೇಳಿದೆ. ಸರದಿನೂ ನಂದಲ್ಲ ಸಿಸ್ಟರ್, ಅವಳದು. ಚೈತ್ರಾ ಇವಳೇ."

ಭಾಗೀರಥಮ್ಮ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಕೈ ಬಿಡಲೇ ಇಲ್ಲ, ಇನ್ನಷ್ಟು ಬಿಗಿಯಾಗಿ ಹಿಡಿದರು. "ಹೆಸರು ಯಾರದಾದ್ರೆ ನಂಗೆಂತ? ಮೊಮ್ಮಗಳನ್ನ ಎತ್ತಿದ್ದು ಈ ಕೈ ಹೌದೋ ಅಲ್ವೋ ಹೇಳು. ಹೌದಲ್ಲ? ನಂಗೆ ಈ ಕೈ ಬೇಕು. ಅವಳು ಬೇಡ."

ನಾನು ಇಡೀ ಬೇಸಿಗೆ ಕಾದದ್ದು ಇದೊಂದು ಮಾತಿಗೆ. ನನ್ನ ಮುಖ, ನನ್ನ ಹೆಸರು, ನನ್ನ ಕೈ ಎಲ್ಲ ಗೊತ್ತಿದ್ದು, ಚೈತ್ರಾಳ ಎದುರಿಗೇ, ಅವಳು ಬೇಡ ನೀನು ಬೇಕು ಎಂದು ಒಬ್ಬರು ಹೇಳಿದ್ದರು. ಎದೆ ಉಬ್ಬಿಬಂತು. ಆ ಒಂದು ಗಳಿಗೆ ನಾನು ಬೇರೆ ಏನನ್ನೂ ಯೋಚಿಸಲಿಲ್ಲ. ಗಿರಿಜಾ ಸಿಸ್ಟರ್, "ವಿಚಾರಣೆ ಆಮೇಲೆ. ಈಗ ಗ್ಲೌಸ್ ಯಾರು ಹಾಕ್ತೀರಿ? ಮನೆಯವರು ಒಪ್ಪಿದವರೇ ಹಾಕಿ, ಬೇಗ" ಅಂದರು. ಚೈತ್ರಾ ಪ್ಯಾಕೆಟ್ಟನ್ನು ನನ್ನ ಟ್ರೇಯಲ್ಲಿಟ್ಟು ಗೋಡೆಯ ಕಡೆ ಸರಿದಳು. ಪ್ಯಾಕೆಟ್ ಮೇಲೆ ಅವಳ ಬೆವರಿನ ಬೆರಳಚ್ಚು ಕಾಣುತ್ತಿತ್ತು.

"ಅಜ್ಜಿ" ಅಂದೆ. ಟ್ರೇಯನ್ನು ಚೈತ್ರಾಳ ಕಡೆ ತಿರುಗಿಸಿದೆ. "ಅವತ್ತು ನಾನು ಮಾಡಿದ್ದೆಲ್ಲ ನಂಗೆ ಮೊದಲೇ ಹೇಳ್ಕೊಟ್ಟಿದ್ದು ಇವಳೇ. ನನ್ನ ಕೈಗುಣ ಅಲ್ಲ ಅದು. ನಂಗೆ ನರ ಕೂಡ ಸಿಗಲ್ಲ, ವಾರ್ಡಲ್ಲಿ ಯಾರನ್ನಾದ್ರೂ ಕೇಳಿ. ಕೈಗುಣ ಅಂತ ಇದ್ರೆ ಅದು ಇವಳದು."

ಕೊನೆಯದು ನಿಜ, ಮೊದಲನೆಯದು ಅಪ್ಪಟ ಸುಳ್ಳು. ಆ ಬೇಸಿಗೆಯಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಹೇಳಲು ಕಷ್ಟವಾದದ್ದು ಅದೊಂದೇ. ಭಾಗೀರಥಮ್ಮ ಚೈತ್ರಾಳ ಕೈ ನೋಡಿದರು, ನನ್ನ ಕೈ ನೋಡಿದರು. ಅವರು ತೀರ್ಮಾನ ಮಾಡುವ ಮೊದಲೇ ಮಂಚದಿಂದ ಮಗಳು ಕಿರುಚಿದಳು, "ಅಮ್ಮಾ, ಯಾರಾದ್ರೂ ಸರಿ! ಮೊದಲು ನೀನು ಹೊರಗೆ ಹೋಗು!"

ಚೈತ್ರಾ ಗ್ಲೌಸ್ ಹಾಕಿಕೊಂಡಳು. ಹನ್ನೆರಡೂವರೆಗೆ ಗಂಡು ಮಗು ಹುಟ್ಟಿತು. ನಾನು ತಲೆಯ ಕಡೆ ನಿಂತು ಹುಡುಗಿಯ ಭುಜ ಹಿಡಿದುಕೊಂಡಿದ್ದೆ. ಚೈತ್ರಾ ಆ ಹುಡುಗಿಯ ಹತ್ತಿರ ಏನೇನೋ ಮಾತಾಡಿ ಒಂದು ಸಲ ನಗಿಸಿದಳು ಕೂಡ. ನನ್ನ ಹತ್ತಿರ ಕತ್ತರಿ, ಹತ್ತಿ ಎಂದು ಬೇಕಾದದ್ದನ್ನಷ್ಟೇ ಕೇಳಿದಳು. ಹೊರಗೆ ಸಕ್ಕರೆ ಪೊಟ್ಟಣ ಬಿಚ್ಚಿದ ಭಾಗೀರಥಮ್ಮ ಚೈತ್ರಾಳ ಬಾಯಿಗೆ ಹಾಕಿದರು, ಗಿರಿಜಾ ಸಿಸ್ಟರಿಗೆ ಕೊಟ್ಟರು, ಆಯಾಗೂ ಕೊಟ್ಟರು. ನನ್ನನ್ನು ದಾಟಿಕೊಂಡು ಹೋದರು. ಒಂದು ಚಿಟಿಕೆ ಸಕ್ಕರೆಗೂ ಹೊಟ್ಟೆ ಉರಿಯುತ್ತದೆ ಎಂದು ಅವತ್ತೇ ಗೊತ್ತಾದದ್ದು.

ಗಿರಿಜಾ ಸಿಸ್ಟರ್ ಸಂಜೆ ಕರೆದರು. "ನೀನು ಮಾಡಿದ ಕೇಸು ನಿಂದೇ, ನನ್ನ ಕಣ್ಣೆದುರಿಗೆ ಮಾಡಿದ್ದು. ಸಹಿ ವಾಪಸ್ ತಗೊಳ್ಳಲ್ಲ. ಆದ್ರೆ ಇನ್ನು ನೀನು ಬಿಪಿ ಎಷ್ಟು ಅಂತ ಹೇಳಿದ್ರೂ ನಾನು ಇನ್ನೊಂದು ಸಲ ನೋಡಿಯೇ ಬರೆಯೋದು" ಅಂದರು. ಶನಿವಾರ ಟ್ಯೂಟರ್ ಮೇಡಂ ಬಂದರು, ಬೆರಳಿಟ್ಟು ತಾಳೆ ನೋಡಿದರು, ಎರಡು ಕೇಸ್ ಬುಕ್ಕನ್ನೂ ಬ್ಯಾಗಿಗೆ ಹಾಕಿಕೊಂಡರು. ಇಬ್ಬರೂ ಪರೀಕ್ಷೆ ಬರೆದೆವು, ಇಬ್ಬರೂ ಪಾಸಾದೆವು. ಚೈತ್ರಾಳ ಮದುವೆ ನಿಂತಿತು, ಶಿವಮೊಗ್ಗದಲ್ಲಿ ಕೆಲಸ ಸಿಕ್ಕಿತು. ನನ್ನ ನೋಂದಣಿಯ ಸರ್ಟಿಫಿಕೇಟ್ ಬಂದ ದಿನ ಅಪ್ಪ ಅದರ ಒಂದು ಪ್ರತಿಗೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದರು. ಬಟ್ಟೆ ಹೊಲಿಸಲು ಬಂದವರಿಗೆಲ್ಲ ತೋರಿಸುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನನಗೆ ಆ ಶುಕ್ರವಾರ ಮಧ್ಯಾಹ್ನ ಕೈ ತೊಳೆಯುವ ಸಿಂಕಿನ ಹತ್ತಿರ ನಡೆದ ಮಾತು ನೆನಪಾಗುತ್ತಿತ್ತು.

ಚೈತ್ರಾ ಮೊಣಕೈವರೆಗೆ ಸೋಪು ಹಚ್ಚಿಕೊಂಡು ತೊಳೆಯುತ್ತಿದ್ದಳು. ನಾನು ಪಕ್ಕದಲ್ಲಿ ಉಪಕರಣ ತೊಳೆಯುತ್ತಿದ್ದೆ. ಅವಳು ನಲ್ಲಿಯ ಕಡೆಯೇ ನೋಡುತ್ತಾ ಕೇಳಿದಳು.

"ಅವತ್ತು ಅವ್ರು ಬಂದಾಗ ಎಷ್ಟು ಗಂಟೆ?"

"ಹನ್ನೊಂದೂವರೆ."

"ಹೆರಿಗೆ?"

"ಮೂರು."

"ನಾನು ಹಾಸ್ಟೆಲಲ್ಲೇ ಇದ್ದೆ."

"ಗೊತ್ತಿತ್ತು" ಅಂದೆ.

ಅವಳು ನಲ್ಲಿ ನಿಲ್ಲಿಸಿ, ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡಳು. ಆಮೇಲೆ ನನ್ನ ಮುಖ ನೋಡಿದಳು.

"ನಿನ್ನ ಇಪ್ಪತ್ತನೇದು ನಂದು, ಸ್ವಾತಿ. ನನ್ನ ಇಪ್ಪತ್ತನೇದು ನೀನು ಕೊಟ್ಟಿದ್ದು ಅಂತ ಮಾತ್ರ ಅನ್ಕೋಬೇಡ."

ಅವಳು ಹಾಗೆ ಹೇಳುವವರೆಗೂ ನಾನು ಹಾಗೆಯೇ ಅಂದುಕೊಂಡಿದ್ದೆ.